ನನ್ನ ಅಜ್ಜ 1944ರಲ್ಲಿ ಸಾಯಲಿಲ್ಲ: ಬಾಂಬೆ ಡಾಕ್ ಸ್ಫೋಟ, ಒಂದು ಸಾಕ್ಷ್ಯಚಿತ್ರ ಮತ್ತು ನಮ್ಮ ಮನೆಯ ಫೋಟೊ

ಡೊಂಬಿವಲಿ ಮೊಮ್ಮಗಳು:

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ತಲೆಯಲ್ಲಿ ಇದೇ ಓಡುತ್ತಿದೆ. ಬರೆದರೆ ಸ್ವಲ್ಪ ಹಗುರ ಆಗಬಹುದು ಅಂತ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಅಜ್ಜ, ಅಂದರೆ ಅಮ್ಮನ ಅಪ್ಪ, ಕುಂದಾಪುರ ಕಡೆಯವರು. ಹದಿನಾಲ್ಕನೇ ವಯಸ್ಸಿಗೆ ಮುಂಬೈಗೆ ಬಂದರು. ಮಸ್ಜಿದ್ ಬಂದರಿನ ಒಂದು ಸಣ್ಣ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುವ ಕೆಲಸ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ 'ಫೋರ್ಟ್ ಸ್ಟಿಕಿನ್' ಹಡಗು ಸಿಡಿದಾಗ ಅವರಿಗೆ ಹದಿನಾರು. ಹೋಟೆಲಿನ ಹಿಂದಿನ ಮೋರಿ ಹತ್ತಿರ ಕೂತಿದ್ದರಂತೆ. ಮೊದಲು ಕಿವಿ ಮುಚ್ಚಿಹೋಯಿತು, ಆಮೇಲೆ ಮಾಡಿನ ತಗಡು ಹಾರಿತು, ಆಮೇಲೆ ಆಕಾಶದಿಂದ ಉರಿಯುವ ಹತ್ತಿ ಬಿತ್ತು. ಅಜ್ಜ ಇದನ್ನು ಯಾವಾಗಲೂ ಇದೇ ಕ್ರಮದಲ್ಲಿ ಹೇಳುತ್ತಿದ್ದರು. ಬರಿಗಾಲಲ್ಲಿ ಮಾಟುಂಗಾದವರೆಗೆ ನಡೆದು ಊರಿನವರ ಖೋಲಿಯಲ್ಲಿ ಮಲಗಿದರು. ಅಲ್ಲಿಂದ ಮುಂದೆ ಸಾಯುವ ತನಕ ಚಾಪೆ ಮೇಲೆಯೇ ಮಲಗಿದರು. ಹತ್ತಿ ಹಾಸಿಗೆ ಮುಟ್ಟಲಿಲ್ಲ. ಅವರು ತೀರಿಕೊಂಡಿದ್ದು 1991ರಲ್ಲಿ.

ಎರಡು ವರ್ಷದ ಹಿಂದೆ ಒಂದು ತಂಡದವರು ಈ ಸ್ಫೋಟದ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತೇವೆ ಅಂತ ನಮ್ಮ ಮನೆಗೆ ಬಂದಿದ್ದರು. ತಂಡದ ಹೆಸರು ಇಲ್ಲಿ ಬೇಡ. ಅಮ್ಮ ಎರಡು ಗಂಟೆ ಮಾತಾಡಿದರು. ಅಜ್ಜನ ಒಂದು ಫೋಟೊ ಕೊಟ್ಟರು. ಗಿರ್ಗಾಂವ್‌ನ ಸ್ಟುಡಿಯೋದಲ್ಲಿ 1952ರಲ್ಲಿ, ಮದುವೆಗೆ ಮುಂಚೆ ತೆಗೆಸಿದ್ದು. ಕೈಗೆ ಸ್ನೇಹಿತನ ವಾಚು ಕಟ್ಟಿಕೊಂಡಿದ್ದಾರೆ.

ಕಳೆದ ವಾರ ಆ ಚಿತ್ರ ಬಂತು. ಅಮ್ಮ ಹೇಳಿದ ಒಂದು ಮಾತೂ ಅದರಲ್ಲಿ ಇಲ್ಲ. ಫೋಟೊ ಮಾತ್ರ ಇದೆ. ಪಕ್ಕದಲ್ಲಿ ದೀಪ ಉರಿಯುತ್ತದೆ, ಕೆಳಗೆ 'ಸ್ಫೋಟದಲ್ಲಿ ಮಡಿದ ಕಾರ್ಮಿಕ' ಅಂತ ಬರುತ್ತದೆ. ಅಮ್ಮ ಪರದೆಯನ್ನೇ ನೋಡುತ್ತಾ ಕೂತರು. ಆಮೇಲೆ, "ಅಪ್ಪ ಅವತ್ತೇ ಹೋಗಿದ್ದರೆ ನಾನು ಯಾರ ಮಗಳು?" ಅಂದರು. ಅಮ್ಮ ಹುಟ್ಟಿದ್ದು 1954ರಲ್ಲಿ.

ಫೋಟೊ ವಿಷಯ ನಮ್ಮ ಮನೆಯ ನೋವು ಅಂತ ಬಿಡಬಹುದು. ಬಿಡಲಾಗದ್ದು ಇನ್ನೊಂದಿದೆ. ಜಪಾನಿನ ಒಬ್ಬ ಗೂಢಚಾರ ಹಡಗು ಹತ್ತಿ ಬೆಂಕಿ ಇಟ್ಟ ಅಂತ ಚಿತ್ರದಲ್ಲಿ ತೋರಿಸಿದ್ದಾರೆ. ಕಪ್ಪು ಕೋಟು, ಹ್ಯಾಟು, ಹಿಂದೆ ಡೋಲಿನ ಸದ್ದು. ಅವತ್ತು ಊರಿನ ತುಂಬ ಜಪಾನಿನವರು ಬಾಂಬ್ ಹಾಕಿದರು ಅಂತ ಸುದ್ದಿ ಹಬ್ಬಿದ್ದು ನಿಜ. ಅದೇ ತಿಂಗಳು ಕೊಹಿಮಾದಲ್ಲಿ ಜಪಾನಿನ ಸೈನ್ಯ ಮುತ್ತಿಗೆ ಹಾಕಿತ್ತು, ಜನ ಹೆದರಿದ್ದರು. ಆದರೆ ಆದದ್ದು ಅದಲ್ಲ. ಹಡಗಿನಲ್ಲಿ 1,395 ಟನ್ ಸ್ಫೋಟಕ, ಮದ್ದುಗುಂಡು ಇತ್ತು. ಕರಾಚಿಯಲ್ಲಿ ಅದಕ್ಕೆ 8,700 ಹತ್ತಿ ಬೇಲ್ ತುಂಬಿದರು. ಎರಡನೇ ನಂಬರಿನ ಸರಕು ಕೋಣೆಯಲ್ಲಿ ಕೆಳಗೆ ಹತ್ತಿ, ಮೇಲೆ ಸ್ಫೋಟಕ. ಇಂಥ ಸರಕನ್ನು ಡಾಕಿನ ಹೊರಗೆ ದೂರದಲ್ಲೇ ದೋಣಿಗಳಿಗೆ ಇಳಿಸಬೇಕು ಅನ್ನುವ ನಿಯಮ ಇತ್ತು. ಯುದ್ಧದ ಹೊತ್ತು ಅಂತ ಅದನ್ನು ಸಡಿಲ ಮಾಡಿದ್ದರು. ಅಪಾಯದ ಸರಕು ಇದೆ ಅಂತ ಸಾರುವ ಕೆಂಪು ಬಾವುಟವನ್ನೂ ಹಡಗು ಏರಿಸಲಿಲ್ಲ. ಮಧ್ಯಾಹ್ನ ಹೊಗೆ ಕಂಡಿತು. 900 ಟನ್‌ಗಿಂತ ಜಾಸ್ತಿ ನೀರು ಹೊಡೆದರು. 3 ಗಂಟೆ 50 ನಿಮಿಷಕ್ಕೆ ಹಡಗು ಬಿಟ್ಟು ಇಳಿಯಿರಿ ಅಂತ ಆಜ್ಞೆ ಬಂತು. 4 ಗಂಟೆ 6 ನಿಮಿಷಕ್ಕೆ ಮೊದಲ ಸ್ಫೋಟ, 4 ಗಂಟೆ 34 ನಿಮಿಷಕ್ಕೆ ಎರಡನೆಯದು. ಶಿಮ್ಲಾದ ಭೂಕಂಪ ಮಾಪಕದಲ್ಲೂ ಅದರ ಗೆರೆ ಬಿತ್ತು. ಸತ್ತವರು 800ರಿಂದ 1,300 ಅಂತ ಲೆಕ್ಕ ಹೇಳುತ್ತಾರೆ. 66 ಜನ ಅಗ್ನಿಶಾಮಕ ಸಿಬ್ಬಂದಿ ಹೋದರು. 80,000 ಜನ ಮನೆ ಕಳೆದುಕೊಂಡರು.

ಗೂಢಚಾರನನ್ನು ತಂದು ಕೂರಿಸಿದ ಕೂಡಲೇ ಹತ್ತಿ ಮೇಲೆ ಸ್ಫೋಟಕ ಇಟ್ಟವರು, ಇಡಲು ಬಿಟ್ಟವರು ಎಲ್ಲರೂ ಬಿಡುಗಡೆ ಆದರು, ಅಲ್ವಾ? ನನಗೆ ಕಾಲ್ಪನಿಕ ಪಾತ್ರದ ಮೇಲೆ ತಕರಾರಿಲ್ಲ. ಹೋಟೆಲಿನ ಹುಡುಗನೊಬ್ಬನನ್ನು ಸೃಷ್ಟಿ ಮಾಡಲಿ, ನಾಲ್ಕು ಜನರ ಕಥೆಯನ್ನು ಒಬ್ಬನ ಮೇಲೆ ಹಾಕಲಿ. ಯಾಕೆ ಆಯಿತು ಅನ್ನುವುದನ್ನು ಮಾತ್ರ ಮುಟ್ಟಬಾರದು. ನಿಮಗೆ ಏನನ್ನಿಸುತ್ತದೆ?

ಎಡಿಟಿಂಗ್ ಟೇಬಲ್, ಅಂಧೇರಿ:

ಅಕ್ಕ, ನಾನು ಹದಿನೆಂಟು ವರ್ಷದಿಂದ ಎಡಿಟಿಂಗ್ ಮಾಡುತ್ತಿದ್ದೇನೆ. ಮೊದಲು ನಿಮ್ಮ ಅಮ್ಮನ ಹತ್ತಿರ ಕ್ಷಮೆ ಕೇಳಬೇಕು ಅನ್ನಿಸಿತು. ಆ ಚಿತ್ರ ನಾನು ಮಾಡಿದ್ದಲ್ಲ, ಆದರೆ ಟೇಬಲ್ ಮುಂದೆ ಕೂತಾಗ ಇದು ಹೇಗೆ ಆಗುತ್ತದೆ ಅಂತ ನನಗೆ ಗೊತ್ತು.

ವಾಯ್ಸ್ ಓವರ್‌ನಲ್ಲಿ 'ಸಾವಿರಾರು ಕಾರ್ಮಿಕರು' ಅಂತ ಬರುತ್ತದೆ. ಆ ನಾಲ್ಕು ಸೆಕೆಂಡಿಗೆ ಒಂದು ದೃಶ್ಯ ಬೇಕು. ಫೋಲ್ಡರ್ ತೆರೆದರೆ ಒಂದು ಹಳೇ ಫೋಟೊ ಸಿಗುತ್ತದೆ. ಯಾರದು, ಯಾವ ವರ್ಷದ್ದು ಅಂತ ಶೂಟಿಂಗ್ ಮಾಡಿದವರು ಬರೆದಿಟ್ಟಿರುವುದಿಲ್ಲ. ರಾತ್ರಿ ಎರಡು ಗಂಟೆ ಆಗಿರುತ್ತದೆ. ಹಾಕಿಬಿಡುತ್ತಾರೆ. ಯಾರೂ ಕೆಟ್ಟ ಬುದ್ಧಿಯಿಂದ ಮಾಡಿರುವುದಿಲ್ಲ. ಅದಕ್ಕೇ ನನಗೆ ಹೆದರಿಕೆ ಜಾಸ್ತಿ, ಯಾಕೆಂದರೆ ಹೀಗೆ ನಡೆಯುವುದು ದಿನಾ.

ಈ ಸ್ಫೋಟದ ವಿಷಯದಲ್ಲಿ ಇನ್ನೊಂದು ಸಂಗತಿ ಇದೆ. ಸುಧೀಶ್ ಘಟಕ್ ಅನ್ನುವ ಛಾಯಾಗ್ರಾಹಕರು ಸ್ಫೋಟವನ್ನೂ ಆಮೇಲಿನ ಸ್ಥಿತಿಯನ್ನೂ ಚಿತ್ರೀಕರಿಸಿದ್ದರು. ಸೈನ್ಯದವರು ಆ ಫಿಲ್ಮನ್ನು ಕಿತ್ತುಕೊಂಡರು. ಮುಂದೆ ಯಾವಾಗಲೋ ಅದರ ಕೆಲವು ತುಣುಕುಗಳು ಮಾತ್ರ ನ್ಯೂಸ್‌ರೀಲ್ ಆಗಿ ಹೊರಗೆ ಬಂದವು. ಯುದ್ಧಕಾಲದ ಸೆನ್ಸಾರ್ ಬಿಗಿಯಾಗಿತ್ತು. ಹೊರಗಿನ ಜಗತ್ತಿಗೆ ಸುದ್ದಿ ಮೊದಲು ಹೋಗಿದ್ದು ಜಪಾನಿನ ಕೈಯಲ್ಲಿದ್ದ ಸೈಗಾನ್ ರೇಡಿಯೋದಿಂದ, ಏಪ್ರಿಲ್ 15ರಂದು. ನಮ್ಮ ವರದಿಗಾರರು ಸುದ್ದಿ ಕಳಿಸಲು ಮೇ ಎರಡನೇ ವಾರದವರೆಗೆ ಕಾಯಬೇಕಾಯಿತು. ಅಂದರೆ ಸಾವಿರ ಜನ ಸತ್ತ ಘಟನೆಗೆ ಒಂದು ತಿಂಗಳು ಊರಲ್ಲಿ ಬಾಯಿಮಾತೇ ಪತ್ರಿಕೆ. ಗೂಢಚಾರನ ಕಥೆ ಬೆಳೆದದ್ದು ಆ ಜಾಗದಲ್ಲಿ. ಸರಕಾರ ಮುಚ್ಚಿಟ್ಟ ಕಡೆ ಗಾಳಿಮಾತು ಹುಟ್ಟಿತು, ಈಗ ಎಂಬತ್ತು ವರ್ಷ ಆದ ಮೇಲೆ ಅದನ್ನೇ ಚಿತ್ರಕಥೆ ಮಾಡಿದ್ದಾರೆ.

ಅಸಲಿ ದೃಶ್ಯ ಇಲ್ಲದಾಗ ನಕಲಿ ಅಸಲಿ ಆಗುವುದು ಹಳೇ ರೋಗ. 1898ರಲ್ಲಿ ಸ್ಪೇನ್-ಅಮೆರಿಕ ಯುದ್ಧದ ಹೊತ್ತಿಗೆ ಬ್ಲ್ಯಾಕ್‌ಟನ್ ಮತ್ತು ಸ್ಮಿತ್ ಅನ್ನುವ ಇಬ್ಬರು ನೀರು ತುಂಬಿದ ತೊಟ್ಟಿಯಲ್ಲಿ ಹಡಗಿನ ಚಿತ್ರ ಕತ್ತರಿಸಿ ತೇಲಿಬಿಟ್ಟು, ಸಿಗಾರಿನ ಹೊಗೆ ಊದಿ ಸಮುದ್ರ ಯುದ್ಧ ತೋರಿಸಿದರು. ರಷ್ಯಾದ್ದು ಇನ್ನೂ ದೊಡ್ಡದು. 1917ರ ಕ್ರಾಂತಿಯಲ್ಲಿ ಚಳಿಗಾಲದ ಅರಮನೆಗೆ ಜನ ನುಗ್ಗಿದ ಚಿತ್ರ ಅಂತ ನಾವು ಪುಸ್ತಕಗಳಲ್ಲಿ ನೋಡುತ್ತೇವಲ್ಲ, ಅದರಲ್ಲಿ ಎಷ್ಟೋ ನಿರ್ದೇಶಕ ಐಸೆನ್‌ಸ್ಟೈನ್ 1928ರಲ್ಲಿ ತೆರೆಗೆ ತಂದ ಕಥಾಚಿತ್ರದ ದೃಶ್ಯಗಳು. ಅವರು ಯಾರಿಗೂ ಮೋಸ ಮಾಡಲು ಹೊರಟಿರಲಿಲ್ಲ. ಆಮೇಲೆ ಬಂದವರು ತುಣುಕು ಕತ್ತರಿಸಿ ಸಾಕ್ಷ್ಯ ಅಂತ ಹಾಕಿದರು.

ನಾನು ಈಗ ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ನಟರು ಮಾಡಿ ತೋರಿಸಿದ್ದಾದರೆ ಪರದೆಯ ಮೂಲೆಯಲ್ಲಿ 'ಮರುಸೃಷ್ಟಿ' ಅಂತ ಇರಲೇಬೇಕು, ಶುರುವಿನಲ್ಲಿ ಒಂದು ಸಲ ಅಲ್ಲ, ಆ ದೃಶ್ಯ ಇರುವಷ್ಟು ಹೊತ್ತೂ. ಇದಕ್ಕಾಗಿ ಎರಡು ಕೆಲಸ ಕೈ ತಪ್ಪಿವೆ. ಪರವಾಗಿಲ್ಲ.

ಮಾಟುಂಗಾ ಮೇಷ್ಟ್ರು:

ಮಗಳೇ, ನಿನ್ನ ಅಜ್ಜನಂಥವರಿಗೆ ನಾನು ಪಾಠ ಮಾಡಿದವನು. ಫೋರ್ಟಿನ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಇದ್ದೆ. ಹಗಲು ಹೋಟೆಲು, ರಾತ್ರಿ ಪುಸ್ತಕ. ಮೊದಲ ಬೆಂಚಿನಲ್ಲಿ ಕೂತವರೇ ಮೊದಲು ತೂಕಡಿಸುತ್ತಿದ್ದರು, ಪಾಪ, ಬೆಳಿಗ್ಗೆ ನಾಲ್ಕಕ್ಕೆ ಎದ್ದವರು.

ಅದಕ್ಕೇ ಇನ್ನೊಂದು ಕಡೆಯಿಂದಲೂ ಯೋಚಿಸು ಅನ್ನುತ್ತೇನೆ. ಆ ಹುಡುಗರಿಗೆ ಕಿತ್ತೂರಿನ ಇತಿಹಾಸ ಪುಸ್ತಕದಿಂದ ಹೋಗಲಿಲ್ಲ. 1961ರ 'ಕಿತ್ತೂರು ಚೆನ್ನಮ್ಮ' ಸಿನಿಮಾದಿಂದ ಹೋಯಿತು. ಕಪ್ಪ ಕೊಡುವುದಿಲ್ಲ ಅಂತ ರಾಣಿ ಗುಡುಗುವ ದೃಶ್ಯ ಬಂದರೆ ಸಾಕು, ತೂಕಡಿಸುವವರೆಲ್ಲ ಎದ್ದು ಕೂರುತ್ತಿದ್ದರು. ಅದೇ ನಿರ್ದೇಶಕ ಬಿ.ಆರ್. ಪಂತುಲು ಎರಡು ವರ್ಷ ಮುಂಚೆ, 1959ರಲ್ಲಿ, ತಮಿಳಿನಲ್ಲಿ, ಬ್ರಿಟಿಷರ ವಿರುದ್ಧ ನಿಂತ ಪಾಳೆಯಗಾರ ಕಟ್ಟಬೊಮ್ಮನ್ ಕಥೆ ತೆಗೆದಿದ್ದರು. ಅಲ್ಲೂ ಕಪ್ಪ ಯಾಕೆ ಕೊಡಬೇಕು ಅಂತ ಹೆಚ್ಚು ಕಡಿಮೆ ಇದೇ ಧಾಟಿಯ ಮಾತಿದೆ. ಅಂದರೆ ಆ ಮಾತು ಕಿತ್ತೂರಿನ ಕೋಟೆಯಲ್ಲಿ ಯಾರೋ ಕೇಳಿ ಬರೆದುಕೊಂಡಿದ್ದಲ್ಲ, ಸಿನಿಮಾಕ್ಕೆ ಬರೆದದ್ದು. ನನ್ನ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಅದನ್ನೇ ರಾಣಿಯ ಸ್ವಂತ ಮಾತು ಅಂತ ಬರೆಯುತ್ತಿದ್ದರು. ನಾನು ಅಂಕ ಕಡಿಮೆ ಮಾಡುತ್ತಿರಲಿಲ್ಲ. ಯಾಕೆಂದರೆ 1824ರ ಅಕ್ಟೋಬರ್ 23ರಂದು ಈಸ್ಟ್ ಇಂಡಿಯಾ ಕಂಪನಿಯ ಕಲೆಕ್ಟರ್ ಥ್ಯಾಕರೆ ಸತ್ತದ್ದು ನಿಜ, ದತ್ತುಪುತ್ರನನ್ನು ಕಂಪನಿ ಒಪ್ಪದೆ ಹೋದದ್ದು ನಿಜ, ರಾಣಿ ಬೈಲಹೊಂಗಲದಲ್ಲಿ ಸೆರೆಯಲ್ಲೇ ತೀರಿಕೊಂಡದ್ದು ನಿಜ. ಮಾತು ಕಟ್ಟಿದ್ದು, ಜಗಳ ಕಟ್ಟಿದ್ದಲ್ಲ.

ನಿನ್ನ ಮಾತೂ ಅದೇ ತಾನೇ?

ಡೊಂಬಿವಲಿ ಮೊಮ್ಮಗಳು:

ಹೌದು ಮೇಷ್ಟ್ರೇ, ಅದೇ. ನನಗೆ ಇಷ್ಟು ಚೆನ್ನಾಗಿ ಹೇಳಲು ಬರಲಿಲ್ಲ. ಕಂಪನಿಗೂ ಕಿತ್ತೂರಿಗೂ ಜಗಳ ಯಾಕೆ ಬಂತು ಅನ್ನುವುದನ್ನು ಬದಲಿಸಿ, ಮಧ್ಯೆ ಮೂರನೆಯವನೊಬ್ಬ ಚಾಡಿ ಹೇಳಿದ ಅಂತ ತೋರಿಸಿದ್ದರೆ ನೀವು ಒಪ್ಪುತ್ತಿರಲಿಲ್ಲ. ಡಾಕಿನ ಚಿತ್ರದಲ್ಲಿ ಆದದ್ದು ಅದು.

ಕೋಥ್ರೂಡ್ ಕಟ್ಟೆ, ಪುಣೆ:

ಇಲ್ಲಿಯ ಒಂದು ಉದಾಹರಣೆ ಕೊಡುತ್ತೇನೆ. ನಾನು ಪುಣೆಯಲ್ಲಿ ಮೂವತ್ತು ವರ್ಷದಿಂದ ಇದ್ದೇನೆ. ದಿನಾ ಗಣೇಶ್‌ಖಿಂಡ್ ರಸ್ತೆಯಲ್ಲೇ ಓಡಾಟ. ಬ್ರಿಟಿಷ್ ಅಧಿಕಾರಿ ವಾಲ್ಟರ್ ರ‍್ಯಾಂಡ್‌ಗೆ ಗುಂಡು ಬಿದ್ದದ್ದು ಅದೇ ರಸ್ತೆಯಲ್ಲಿ, 1897ರ ಜೂನ್ 22ರ ರಾತ್ರಿ. ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ಔತಣ ಮುಗಿಸಿ ವಾಪಸು ಬರುತ್ತಿದ್ದ. ಲೆಫ್ಟಿನೆಂಟ್ ಅಯರ್ಸ್ಟ್ ಅಲ್ಲೇ ಸತ್ತ, ರ‍್ಯಾಂಡ್ ಜುಲೈ 3ರಂದು. ಜಯೂ ಮತ್ತು ನಚಿಕೇತ್ ಪಟವರ್ಧನ್ 1979ರಲ್ಲಿ ಇದನ್ನು ಮರಾಠಿಯಲ್ಲಿ ಸಿನಿಮಾ ಮಾಡಿದರು. ಹೆಸರೇ '22 ಜೂನ್ 1897'. ತಾರೀಖನ್ನೇ ಹೆಸರಾಗಿ ಇಟ್ಟದ್ದು ನನಗೆ ತುಂಬ ಇಷ್ಟ. ವೀರನ ಹೆಸರು ಇಟ್ಟರೆ ನೋಡುವ ಮುಂಚೆಯೇ ತೀರ್ಪು ಬಂದ ಹಾಗೆ.

ಕಾರಣಕ್ಕೆ ಬರೋಣ. ಪ್ಲೇಗು 1896ರಲ್ಲಿ ಮೊದಲು ಕಂಡದ್ದು ಮುಂಬೈಯ ಮಾಂಡ್ವಿಯಲ್ಲಿ. ಅಕ್ಕ, ನಿಮ್ಮ ಅಜ್ಜನ ಮಸ್ಜಿದ್ ಬಂದರಿನ ಪಕ್ಕದಲ್ಲೇ. ಗೋವಾ ಮೂಲದ ಡಾಕ್ಟರ್ ಅಕಾಸಿಯೊ ವಿಯೆಗಾಸ್ ಅದನ್ನು ಗುರುತಿಸಿದರು. ಪುಣೆಗೆ ಬಂದಾಗ ರ‍್ಯಾಂಡ್ ಪ್ಲೇಗು ನಿಯಂತ್ರಣದ ಮುಖ್ಯಸ್ಥನಾದ. ಗೋರಾ ಸೈನಿಕರು ಮನೆಮನೆ ಹೊಕ್ಕು ಹುಡುಕಿದರು. ದೇವರ ಕೋಣೆ, ಅಡುಗೆಮನೆ, ಹೆಂಗಸರು ಮಲಗುವ ಕೋಣೆ ಯಾವುದನ್ನೂ ಬಿಡಲಿಲ್ಲ. ಸಾಮಾನು ಬೀದಿಗೆ ತಂದು ಸುಟ್ಟರು. ಜನರ ಸಿಟ್ಟು ಅಲ್ಲಿಂದ. ಇದು ಎಲ್ಲ ಚಿತ್ರ, ಸೀರಿಯಲ್, ನಾಟಕದಲ್ಲೂ ಬರುತ್ತದೆ.

ಬರದಿರುವುದು ಎರಡು. ಒಂದು, ರ‍್ಯಾಂಡ್‌ಗೆ ಗುಂಡು ಹೊಡೆದ ದಾಮೋದರ ಚಾಪೇಕರ್ ಜೈಲಿನಲ್ಲಿ ಬರೆದ ಆತ್ಮಕಥೆ ಈಗಲೂ ಓದಲು ಸಿಗುತ್ತದೆ. ಮುಂಬೈಯಲ್ಲಿ ರಾಣಿಯ ಪ್ರತಿಮೆಗೆ ಡಾಂಬರು ಬಳಿದದ್ದನ್ನು ಅದರಲ್ಲಿ ಹೇಳಿಕೊಂಡಿದ್ದಾರೆ. ಸಮಾಜ ಸುಧಾರಕರ ಮೇಲೆ ಅವರಿಗಿದ್ದ ಸಿಟ್ಟೂ ಅಷ್ಟೇ ಬಿಚ್ಚಿ ಬರೆದಿದ್ದಾರೆ. ಬ್ರಿಟಿಷರ ಮೇಲಿನ ಸಿಟ್ಟು ಮಾತ್ರ ಉಳಿಸಿಕೊಂಡು ಇನ್ನೊಂದನ್ನು ಕತ್ತರಿಸಿದರೆ ಅದು ಅವರಿಗೂ ಮಾಡುವ ಅನ್ಯಾಯ. ಅವರು ಯಾವುದನ್ನೂ ಮುಚ್ಚಿಟ್ಟಿರಲಿಲ್ಲ.

ಎರಡನೆಯದು ನನಗೆ ಹೆಚ್ಚು ನೋವು ಕೊಡುತ್ತದೆ. ಅದೇ 1897ರಲ್ಲಿ ಪುಣೆಯ ಪ್ಲೇಗು ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳನ್ನು ಹೇಗೆ ನಡೆಸಿಕೊಳ್ಳುತ್ತಿದ್ದಾರೆ ಅಂತ ಪತ್ರಿಕೆಗೆ ಬಹಿರಂಗವಾಗಿ ಪತ್ರ ಬರೆದವರು ಪಂಡಿತಾ ರಮಾಬಾಯಿ. ನಮ್ಮ ಕಾರ್ಕಳ ಪಕ್ಕದ ಮಾಳದ ಮನೆತನದ ಹೆಣ್ಣುಮಗಳು. ಕ್ರೈಸ್ತ ಧರ್ಮಕ್ಕೆ ಸೇರಿದ್ದರಿಂದ ಇಲ್ಲಿಯವರಿಗೆ ದೂರ ಆಗಿದ್ದರು. ಆದರೂ ಬ್ರಿಟಿಷ್ ಅಧಿಕಾರಿಗಳ ವಿರುದ್ಧ ತಮ್ಮ ಹೆಸರು ಹಾಕಿ ಬರೆದರು. ಪಿಸ್ತೂಲಿನ ದೃಶ್ಯ ನೂರು ಸಲ ಬಂದಿದೆ. ಆ ಪತ್ರ ಬರೆಯುವ ಹೆಂಗಸು ಪರದೆಯ ಮೇಲೆ ಬಂದದ್ದನ್ನು ನಾನು ನೋಡಿಲ್ಲ. ಪತ್ರ ಬರೆಯುವುದರಲ್ಲಿ ಸದ್ದಿಲ್ಲ, ಹೊಗೆ ಇಲ್ಲ. ಅದೇ ಕಾರಣ ಇರಬೇಕು.

ಕಾರಣ ಬದಲಿಸುವುದಷ್ಟೇ ತಪ್ಪಲ್ಲ ಅಕ್ಕ. ಅರ್ಧ ಮನುಷ್ಯನನ್ನು ತೋರಿಸುವುದೂ, ಒಬ್ಬರನ್ನು ಚೌಕಟ್ಟಿನಿಂದ ಪೂರ್ತಿ ಹೊರಗೆ ಇಡುವುದೂ ಅದರ ಪಕ್ಕದ್ದೇ.

ವಾಸ್ಕೊ ವಿಜಾಪುರ:

ನಾನು ಗೋವಾದ ವಾಸ್ಕೊದಲ್ಲಿ ಇರುವವ, ಊರು ವಿಜಯಪುರ ಕಡೆ. ಹೆಂಡತಿಯ ತವರು ಕಾರವಾರದ ಬಿಣಗಾ. ಅವರ ಅಪ್ಪ, ನಮ್ಮ ಮಾವ, ಹೇಳುತ್ತಿದ್ದ ಒಂದು ಮಾತಿನಿಂದ ಶುರು ಮಾಡುತ್ತೇನೆ. "ಗೋವಾದ ಯುದ್ಧ ಗೋವಾದವರಿಗಿಂತ ಮೊದಲು ನಮಗೆ ಕೇಳಿಸಿತು."

ಡಿಸೆಂಬರ್ ಬಂತು ಅಂದರೆ ಇಲ್ಲಿ ಮೊಬೈಲ್ ತುಂಬ '36 ಗಂಟೆಯಲ್ಲಿ ಗೋವಾ' ಅನ್ನುವ ವಿಡಿಯೋಗಳು. ಟ್ಯಾಂಕು, ವಿಮಾನ, ಬಾವುಟ, ಮುಗಿಯಿತು. 1961ರ ಡಿಸೆಂಬರ್ 18 ಮತ್ತು 19ರಂದು ಭಾರತದ ಸೈನ್ಯ ಗೋವಾವನ್ನು ಪೋರ್ಚುಗೀಸರಿಂದ ಬಿಡಿಸಿಕೊಂಡ ಕಥೆ. ಆದರೆ ಬಿಣಗಾದ ಎದುರಿಗೇ ಅಂಜದೀವ್ ದ್ವೀಪ ಇದೆಯಲ್ಲ, ಲೆಕ್ಕಕ್ಕೆ ಗೋವಾದ್ದು, ಕಣ್ಣಿಗೆ ಕಾಣುವುದು ಕಾರವಾರದಿಂದ. ಅಲ್ಲಿಂದ ಪೋರ್ಚುಗೀಸರು ನವೆಂಬರಿನಲ್ಲೇ 'ಸಾಬರ್ಮತಿ' ಅನ್ನುವ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದ್ದರು. ಡಿಸೆಂಬರ್ 18ರಂದು ದ್ವೀಪ ಹಿಡಿಯಲು ಹೋದದ್ದು ಐಎನ್‌ಎಸ್ ತ್ರಿಶೂಲ್ ಮತ್ತು ಐಎನ್‌ಎಸ್ ಮೈಸೂರು. ನೌಕಾಪಡೆಯ 7 ಜನ ಅಲ್ಲೇ ಹೋದರು, 19 ಜನಕ್ಕೆ ಗಾಯ. ವಿಡಿಯೋದಲ್ಲಿ ಅಂಜದೀವ್ ಹೆಸರು ಬಂದರೆ ಒಂದು ಸೆಕೆಂಡು. ಬಾಂಬೊಳಿಯ ವೈರ್‌ಲೆಸ್ ಕೇಂದ್ರದ ಮೇಲೆ ದಾಳಿ ಮಾಡಿದ ಹಂಟರ್ ವಿಮಾನಗಳು ಹಾರಿದ್ದು ನಮ್ಮ ಬೆಳಗಾವಿಯ ಸಾಂಬ್ರಾದಿಂದ. ಅದೂ ಬರುವುದಿಲ್ಲ.

ಅದಕ್ಕಿಂತ ದೊಡ್ಡದು ಏನಂದ್ರೆ, ಆ 36 ಗಂಟೆಗೆ ಮುಂಚಿನ ಹದಿನೈದು ವರ್ಷ ಪೂರ್ತಿ ಮಾಯ. 1946ರ ಜೂನ್ 18ರಂದು ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಮಡಗಾಂವ್‌ನಲ್ಲಿ ಭಾಷಣಕ್ಕೆ ನಿಂತಿದ್ದು, 1955ರ ಆಗಸ್ಟ್ 15ರಂದು ಬರಿಗೈಯಲ್ಲಿ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿಸಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದದ್ದು. 1969ರಲ್ಲಿ ಕೆ.ಎ. ಅಬ್ಬಾಸ್ ಅವರ 'ಸಾತ್ ಹಿಂದುಸ್ತಾನಿ' ಬಂತು. ಅಮಿತಾಭ್ ಬಚ್ಚನ್ ಅವರ ಮೊದಲ ಸಿನಿಮಾ ಅಂತ ಎಲ್ಲರಿಗೂ ಗೊತ್ತು. ಕಥೆ ಗೋವಾದ್ದು ಅಂತ ಎಷ್ಟು ಜನಕ್ಕೆ ಗೊತ್ತು? ಅದರಲ್ಲಿನ ಏಳು ಜನ ಕಾಲ್ಪನಿಕ. ಆದರೆ ಹೊರಗಿನಿಂದ ಜನ ಗಡಿ ದಾಟಿ ಬಂದು ಬಾವುಟ ಹಾರಿಸಲು ಹೋದದ್ದು ಕಾಲ್ಪನಿಕ ಅಲ್ಲ. ಮೊಮ್ಮಗಳಕ್ಕ, ನೀವು ಹೇಳಿದ ಅಳತೆಗೋಲಿನಲ್ಲಿ ಆ ಸಿನಿಮಾ ಪಾಸಾಗುತ್ತದೆ. ಅಸಲಿ ದೃಶ್ಯ ತುಂಬಿರುವ ಈಗಿನ ವಿಡಿಯೋಗಳು ಆಗುವುದಿಲ್ಲ. ಒಂದೊಂದು ತುಣುಕೂ ಸತ್ಯ, ಒಟ್ಟಿಗೆ ಸೇರಿಸಿದರೆ ಸುಳ್ಳು.

ಎದುರಿನವರ ಬಗ್ಗೆಯೂ ಒಂದು ಮಾತು ಹೇಳಬೇಕು. ಗೆಲ್ಲಬೇಕು ಇಲ್ಲ ಸಾಯಬೇಕು ಅಂತ ಪೋರ್ಚುಗಲ್‌ನ ಸರ್ವಾಧಿಕಾರಿ ಸಲಾಜಾರ್ ಲಿಸ್ಬನ್‌ನಿಂದ ಆಜ್ಞೆ ಕಳಿಸಿದ್ದ. ಗವರ್ನರ್ ವಸ್ಸಾಲೊ ಇ ಸಿಲ್ವಾ ಅದನ್ನು ಪಾಲಿಸದೆ ಶರಣಾದ. ವಾಪಸು ಹೋದ ಮೇಲೆ ಅವನನ್ನು ಸೈನ್ಯದಿಂದಲೇ ತೆಗೆದರು. 1974ರಲ್ಲಿ ಅಲ್ಲಿ ಸರಕಾರ ಉರುಳಿದ ಮೇಲೆ ಸ್ಥಾನ ಮರಳಿ ಕೊಟ್ಟರು. ಆ ಮನುಷ್ಯ ಆಜ್ಞೆ ಪಾಲಿಸಿದ್ದರೆ ಪಣಜಿ ಈಗ ಹೀಗೆ ಇರುತ್ತಿತ್ತೇನ್ರಿ? ಯಾವ ವಿಡಿಯೋದಲ್ಲೂ ಇವನು ಸಹಿ ಹಾಕುವ ಸೋತ ಮುಖ ಮಾತ್ರ.

ಲಾಲ್‌ಬಾಗ್ ಹುಡುಗ:

ಎಲ್ಲರಿಗೂ ಗೌರವ ಇಟ್ಟು ಒಂದು ಮಾತು. ನನಗೆ ಇಪ್ಪತ್ತಮೂರು ವರ್ಷ. ಡಾಕ್ ಸ್ಫೋಟದ ಬಗ್ಗೆ ನನಗೆ ಶಾಲೆಯಲ್ಲಿ ಯಾರೂ ಹೇಳಲಿಲ್ಲ. ಹಡಗಿನಲ್ಲಿ ಚಿನ್ನದ ಗಟ್ಟಿಗಳಿದ್ದವು, ಅವು ಊರಿನ ಮೇಲೆ ಹಾರಿ ಬಿದ್ದವು ಅನ್ನುವ ಒಂದು ಸಣ್ಣ ವಿಡಿಯೋ ನೋಡಿದೆ. ಅದರಿಂದ ಶುರುವಾಗಿ ಉಳಿದದ್ದನ್ನು ಹುಡುಕಿ ಓದಿದೆ. ಚಿನ್ನ ಇಲ್ಲದಿದ್ದರೆ ನಾನು ಇಲ್ಲಿ ಈ ಚರ್ಚೆಗೇ ಬರುತ್ತಿರಲಿಲ್ಲ. ಬೈಕುಲಾದ ಅಗ್ನಿಶಾಮಕ ದಳದ ಕಚೇರಿ ಮುಂದೆ ದಿನಾ ಬಸ್ಸಿನಲ್ಲಿ ಹೋಗುತ್ತೇನೆ. ಏಪ್ರಿಲ್ 14ರಿಂದ 20ರವರೆಗೆ ದೇಶದ ತುಂಬ ಅಗ್ನಿಶಾಮಕ ಸಪ್ತಾಹ ಮಾಡುವುದು ಆ 66 ಜನರ ನೆನಪಿಗೆ ಅಂತ ಗೊತ್ತಾದದ್ದೂ ಆಮೇಲೆಯೇ. ಮಸಾಲೆ ಇಲ್ಲದೆ ನಮ್ಮ ವಯಸ್ಸಿನವರು ನೋಡುವುದಿಲ್ಲ ಅನ್ನುವುದನ್ನೂ ಒಪ್ಪಿಕೊಳ್ಳಬೇಕು.

ಡೊಂಬಿವಲಿ ಮೊಮ್ಮಗಳು:

ತಮ್ಮ, ಚಿನ್ನ ಇದ್ದದ್ದು ನಿಜ. ಅದನ್ನು ತೋರಿಸಲಿ, ಖಂಡಿತ ತೋರಿಸಲಿ. ನೀನು ಅಲ್ಲಿಂದ 66 ಜನರವರೆಗೆ ಬಂದೆ, ಅದು ನನಗೆ ನಿಜವಾಗಿ ಸಂತೋಷ. ಆದರೆ ಬಾಗಿಲು ನಿಜದ್ದೇ ಆಗಿದ್ದರಿಂದ ನೀನು ಒಳಗೆ ಬಂದೆ. ಗೂಢಚಾರನ ಬಾಗಿಲಿನಿಂದ ಬಂದಿದ್ದರೆ ಬೇರೆ ಯಾವುದೋ ಮನೆಗೆ ಹೋಗುತ್ತಿದ್ದೆ. ಚಿತ್ರದ ಕೆಳಗಿನ ಕಾಮೆಂಟುಗಳನ್ನು ಓದಿದೆ. ಜಪಾನಿನವರನ್ನು ಬೈದವರೇ ಎಲ್ಲ. ಹತ್ತಿಯ ಬಗ್ಗೆ ಒಬ್ಬರೂ ಕೇಳಿಲ್ಲ.

ಫೋರ್ಟ್ ವಕೀಲ:

ಕಾನೂನಿನ ಕಡೆಯಿಂದ ಸ್ವಲ್ಪ. ಸಿನಿಮಾ ಶುರುವಿನಲ್ಲಿ 'ಇದರ ಪಾತ್ರಗಳೆಲ್ಲ ಕಾಲ್ಪನಿಕ' ಅಂತ ಬರುತ್ತದಲ್ಲ, ಅದು ಬಂದದ್ದು ಒಂದು ಮೊಕದ್ದಮೆಯಿಂದ. 1932ರಲ್ಲಿ ಹಾಲಿವುಡ್‌ನ ಒಂದು ದೊಡ್ಡ ಕಂಪನಿ ರಷ್ಯಾದ ರಾಸ್‌ಪುಟಿನ್ ಬಗ್ಗೆ ಸಿನಿಮಾ ಮಾಡಿತು. ಅವನನ್ನು ಕೊಂದ ಯೂಸುಪೊವ್ ಅವರ ಹೆಂಡತಿಯನ್ನು ಹೋಲುವ ಪಾತ್ರವನ್ನು ಕೆಟ್ಟದಾಗಿ ತೋರಿಸಿತು. ಆಕೆ ಲಂಡನ್ನಿನಲ್ಲಿ ಕೇಸು ಹಾಕಿ 1934ರಲ್ಲಿ 25,000 ಪೌಂಡ್ ಪರಿಹಾರ ಪಡೆದರು. ಆಮೇಲೆ ಎಲ್ಲರೂ ಆ ಸಾಲು ಹಾಕತೊಡಗಿದರು. ಅಂದರೆ ಆ ಸಾಲು ಹುಟ್ಟಿದ್ದು ಪ್ರೇಕ್ಷಕರಿಗೆ ಸತ್ಯ ಹೇಳಲು ಅಲ್ಲ, ನಿರ್ಮಾಪಕರ ದುಡ್ಡು ಉಳಿಸಲು.

ನಮ್ಮ ಮುಂಬೈಯಲ್ಲೇ ಆದದ್ದೂ ಇದೆ. 1993ರ ಮಾರ್ಚ್ 12ರ ಸ್ಫೋಟಗಳ ಬಗ್ಗೆ 'ಬ್ಲ್ಯಾಕ್ ಫ್ರೈಡೇ' 2004ರಲ್ಲೇ ತಯಾರಾಗಿತ್ತು. ಭಯೋತ್ಪಾದನೆ ತಡೆ ಕಾಯ್ದೆಯ (ಟಾಡಾ) ಕೋರ್ಟಿನಲ್ಲಿ ವಿಚಾರಣೆ ಇನ್ನೂ ಮುಗಿದಿರಲಿಲ್ಲ. ತೀರ್ಪಿಗೆ ಮುಂಚೆ ಪರದೆ ಮೇಲೆ ಅಪರಾಧಿ ಅಂತ ತೋರಿಸಿದರೆ ನ್ಯಾಯ ಸಿಗುವುದಿಲ್ಲ ಅಂತ ಆರೋಪಿಗಳು ಅರ್ಜಿ ಹಾಕಿದರು. ಬಾಂಬೆ ಹೈಕೋರ್ಟ್ ತಡೆ ಕೊಟ್ಟಿತು. ತೆರೆಗೆ ಬಂದದ್ದು 2007ರ ಫೆಬ್ರವರಿಯಲ್ಲಿ. ನಿರ್ದೇಶಕರ ಕಷ್ಟ ನನಗೆ ಅರ್ಥ ಆಗುತ್ತದೆ. ಆದರೂ ಕೋರ್ಟು ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಸಿನಿಮಾಕ್ಕೆ ಅಷ್ಟು ಬಲ ಇದೆ ಅಂತ ಕೋರ್ಟು ಒಪ್ಪಿಕೊಂಡ ಹಾಗಾಯಿತು.

ನಿಮ್ಮ ವಿಷಯಕ್ಕೆ ಬಂದರೆ, ಮೊದಲು ಕೇಸು ಬೇಡ. ಒಂದು ಪತ್ರ ಬರೆಯಿರಿ. ಫೋಟೊ ತೆಗೆದ ವರ್ಷ, ಅಮ್ಮನ ಜನ್ಮದಾಖಲೆ, ಅಜ್ಜನ ಮರಣ ಪ್ರಮಾಣಪತ್ರ ಮೂರರ ನಕಲು ಇಡಿ. ಏನು ಬದಲಿಸಬೇಕು ಅನ್ನುವುದನ್ನು ಎರಡೇ ಸಾಲಿನಲ್ಲಿ ಬರೆಯಿರಿ. ಕೋಪ ಬೇರೆ ಹಾಳೆಯಲ್ಲಿ ಬರೆದು ಮನೆಯಲ್ಲೇ ಇಟ್ಟುಕೊಳ್ಳಿ. ಕರಡು ಬೇಕಾದರೆ ನಾನು ನೋಡಿಕೊಡುತ್ತೇನೆ, ಫೀಸು ಏನೂ ಬೇಡ.

ಸಸೂನ್ ಡಾಕ್, ಮೂಲ ಮಲ್ಪೆ:

ನಾನು ಜಾಸ್ತಿ ಓದಿದವನಲ್ಲ. ನಮ್ಮ ದೊಡ್ಡಪ್ಪ ಡಾಕ್ ಸ್ಫೋಟ ಆದಾಗ ಬೋಟಿನಲ್ಲಿದ್ದವರು. ಎರಡು ವರ್ಷ ಬಿಟ್ಟು 1946ರ ಫೆಬ್ರವರಿಯಲ್ಲಿ ನೌಕಾಪಡೆಯ ಹುಡುಗರು ಬ್ರಿಟಿಷ್ ಅಧಿಕಾರಿಗಳ ವಿರುದ್ಧ ಎದ್ದರಲ್ಲ, 'ತಲ್ವಾರ್' ಅನ್ನುವ ನೌಕಾ ನೆಲೆಯಲ್ಲಿ ಶುರುವಾಗಿ 78 ಹಡಗಿಗೆ ಹಬ್ಬಿದ್ದು, ಅದನ್ನೂ ನೋಡಿದವರು. ಗೇಟ್‌ವೇ ಹತ್ತಿರ ಊರಿನ ಜನ ಅವರಿಗೆ ಊಟ ತಂದು ಕೊಟ್ಟರು. ನಮ್ಮವರೂ ಮೀನು ಕೊಟ್ಟರಂತೆ. ಸಿಟ್ಟು ಶುರುವಾದದ್ದೇ ಕೆಟ್ಟ ಊಟದಿಂದ. ಸಿನಿಮಾದವರು ಅದನ್ನು ಸಣ್ಣ ವಿಷಯ ಅಂದುಕೊಂಡು ಬಾವುಟ ಮಾತ್ರ ತೋರಿಸುತ್ತಾರೆ. ಹಡಗಿನಲ್ಲಿ ಇದ್ದವರಿಗೆ ಗೊತ್ತು, ಅನ್ನದಲ್ಲಿ ಕಲ್ಲು ಬಂದರೆ ಅದು ಸಣ್ಣ ವಿಷಯ ಅಲ್ಲ. ದೊಡ್ಡಪ್ಪ ಹೇಳಿದ್ದನ್ನು ಯಾರೂ ಬರೆದಿಟ್ಟಿಲ್ಲ. ಈಗ ಅವರೂ ಇಲ್ಲ.

ಎಡಿಟಿಂಗ್ ಟೇಬಲ್, ಅಂಧೇರಿ:

ಮಲ್ಪೆ ಅಣ್ಣ, ನಿಮಗೆ ನೆನಪಿರುವಷ್ಟನ್ನು ಮೊಬೈಲಿನಲ್ಲೇ ಮಾತಾಡಿ ರೆಕಾರ್ಡ್ ಮಾಡಿ ಇಡಿ. ಮೊದಲಿಗೆ ತಾರೀಖು, ನಿಮ್ಮ ಹೆಸರು, ಇದು ದೊಡ್ಡಪ್ಪನಿಂದ ಕೇಳಿದ್ದು, ನೀವೇ ನೋಡಿದ್ದಲ್ಲ ಅಂತ ಹೇಳಿ. ಅದೊಂದು ವಾಕ್ಯ ಇದ್ದರೆ ನಾಳೆ ಅದನ್ನು ಬಳಸುವವರಿಗೆ ದಾರಿ ತಪ್ಪುವುದಿಲ್ಲ.

ಅಕ್ಕ, ನಿಮ್ಮ ಅಮ್ಮ ಒಪ್ಪಿದರೆ ನಾನು ಬಂದು ಅವರು ಹೇಳುವುದನ್ನು ಪೂರ್ತಿ ರೆಕಾರ್ಡ್ ಮಾಡುತ್ತೇನೆ. ಕತ್ತರಿಸುವುದಿಲ್ಲ. ಸಂಗೀತ ಹಾಕುವುದಿಲ್ಲ. ಒಂದು ಪ್ರತಿ ನಿಮಗೆ, ಒಂದು ಪ್ರತಿ ಮೇಷ್ಟ್ರು ಹೇಳುವ ಯಾವುದಾದರೂ ಕನ್ನಡ ಸಂಘದ ಲೈಬ್ರರಿಗೆ.

ಡೊಂಬಿವಲಿ ಮೊಮ್ಮಗಳು:

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ವಕೀಲ ಸರ್ ಕರಡು ತಿದ್ದಿಕೊಟ್ಟರು, ಪತ್ರ ಹೋಯಿತು. ಆ ತಂಡದಿಂದ ಒಬ್ಬ ಹುಡುಗಿ ಫೋನ್ ಮಾಡಿ ತುಂಬ ಹೊತ್ತು ಮಾತಾಡಿದಳು. ತಪ್ಪಾಯಿತು ಅಂದಳು. ಫೋಟೊ ತೆಗೆದುಬಿಡುತ್ತೇವೆ ಅಂದಳು. ಗೂಢಚಾರನ ಭಾಗ ಮಾತ್ರ ಬದಲಿಸಲು ನಿರ್ಮಾಪಕರು ಒಪ್ಪುತ್ತಿಲ್ಲವಂತೆ. ಅದಕ್ಕೆ ಇನ್ನೊಂದು ಪತ್ರ ಬರೆಯುತ್ತಿದ್ದೇನೆ, ಈ ಸಲ ಸ್ಫೋಟಕವನ್ನು ಹತ್ತಿಯ ಜೊತೆ ತುಂಬಿದ್ದರ ವಿವರ ಇಟ್ಟು.

ಫೋಟೊ ತೆಗೆಯುವುದು ಬೇಡ ಅಂತ ಅಮ್ಮ ಹೇಳಿದರು. ಅಪ್ಪ ಅಲ್ಲಿ ಇರಲಿ, ಕೆಳಗಿನ ಸಾಲು ಬದಲಾಗಲಿ ಅಂದರು. ಏನು ಬರೆಯಬೇಕು ಅಂತ ಅವರೇ ಒಂದು ಹಾಳೆಯಲ್ಲಿ ಬರೆದುಕೊಟ್ಟರು. 'ಮಸ್ಜಿದ್ ಬಂದರಿನ ಹೋಟೆಲ್ ಕೆಲಸಗಾರ. ಅವತ್ತು ಮಾಟುಂಗಾಕ್ಕೆ ನಡೆದು ಹೋದರು. ಫೋಟೊ 1952ರದ್ದು.' ಇಷ್ಟೇ.

ಎಡಿಟಿಂಗ್ ಅಣ್ಣ, ಭಾನುವಾರ ಹನ್ನೊಂದಕ್ಕೆ ಬನ್ನಿ. ಮೇಷ್ಟ್ರನ್ನು ಬರುವಾಗ ಮಾಟುಂಗಾದಿಂದ ಕರೆದುಕೊಂಡು ಬಂದರೆ ಒಳ್ಳೆಯದು, ಅವರಿಗೆ ಸ್ಟೇಷನ್ ಮೆಟ್ಟಿಲು ಕಷ್ಟ. ಮಲ್ಪೆ ಅಣ್ಣನೂ ಬರಲಿ. ಅಮ್ಮ ಅಜ್ಜನ ಚಾಪೆಯನ್ನು ಅಟ್ಟದಿಂದ ಇಳಿಸಿ ಬಿಸಿಲಿಗೆ ಹಾಕಿದ್ದಾರೆ.